ಸೆಪ್ಟಿಕ್ ಟ್ಯಾಂಕ್ ಕಟ್ಟಿಸುವ ಮುಂಚೆ: ಕಲಬುರಗಿ ಭಾಗದ ಮನೆಯವರಿಗೆ

ನಮ್ಮ ಕಡೆ ಸೆಪ್ಟಿಕ್ ಟ್ಯಾಂಕ್ ಅಂತ ಕರೆಯುವ ಬಹಳಷ್ಟು ಗುಂಡಿಗಳು ಸೆಪ್ಟಿಕ್ ಟ್ಯಾಂಕೇ ಅಲ್ಲ, ತಳವಿಲ್ಲದ ಬಾವಿಗಳು. ಎಂಟು ಹತ್ತು ಅಡಿ ತೋಡುತ್ತಾರೆ, ಸುತ್ತ ಇಟ್ಟಂಗಿ ಕಟ್ಟುತ್ತಾರೆ ಇಲ್ಲವೇ ಸಿಮೆಂಟಿನ ಬಳೆ ಇಳಿಸುತ್ತಾರೆ, ಮೇಲೆ ಶಹಾಬಾದಿನ ಪರ್ಸಿ ಮುಚ್ಚಿ ಮಣ್ಣು ಎಳೆದುಬಿಡುತ್ತಾರೆ. ತಳ ಯಾಕೆ ಹಾಕಲಿಲ್ಲ ಅಂತ ಮೇಸ್ತ್ರಿಯನ್ನು ಕೇಳಿದರೆ ಉತ್ತರ ಸಿದ್ಧ: "ಮೇಡಂ, ತಳಕ್ಕ ಕಾಂಕ್ರೀಟ್ ಹಾಕಿದ್ರ ನೀರು ಎಲ್ಲಿ ಹೋಗ್ಬೇಕ್ರೀ? ಹಂಗೇ ಬಿಟ್ರ ಇಪ್ಪತ್ತು ವರ್ಷ ಮುಟ್ಟೋದೇ ಬ್ಯಾಡ."

ಪ್ರಶ್ನೆ ಮಾತ್ರ ಸರಿಯಾದದ್ದೇ. ನೀರು ಎಲ್ಲಿ ಹೋಗಬೇಕು? ನಾನು ಸಿವಿಲ್ ಡಿಪ್ಲೊಮಾ ಮಾಡಿದವಳು. ಕಲಬುರಗಿಯಲ್ಲಿ ಮನೆ ನಕ್ಷೆ ಮಾಡಿ, ಪರವಾನಗಿ ಮಾಡಿಸಿ, ಕಟ್ಟಡ ಮುಗಿಯುವ ತನಕ ನಿಂತು ನೋಡಿಕೊಳ್ಳುವುದು ನನ್ನ ಕಸುಬು. ಕೆಲವೊಮ್ಮೆ ಬೀದರ್, ಯಾದಗಿರಿ ಕಡೆಯ ಕೆಲಸವೂ ಬರುತ್ತದೆ. ನನ್ನ ಹತ್ತಿರ ಬರುವವರು ಮಾರ್ಬಲ್ಲಿನ ಬಣ್ಣಕ್ಕೆ ಮೂರು ಸಂಜೆ ಕೊಡುತ್ತಾರೆ, ಟ್ಯಾಂಕಿಗೆ ಮೂರು ನಿಮಿಷ. "ಹಿಂದ ಎಲ್ಲಾರ ಹಾಕ್ರಿ" ಅಂದರೆ ಮುಗಿಯಿತು. ಆದರೆ ಮನೆಯ ಸಂಡಾಸಿನ ಬಗ್ಗೆ ಇರುವ ಕಾಯ್ದೆ, ಅಳತೆ, ಅಂತರಗಳೆಲ್ಲ ಸುತ್ತುವುದು ಆ ಒಂದೇ ಪ್ರಶ್ನೆಯ ಸುತ್ತ: ಟ್ಯಾಂಕಿನಿಂದ ಹೊರಗೆ ಬರುವ ನೀರು ಎಲ್ಲಿಗೆ ಸೇರುತ್ತದೆ, ಒಳಗೆ ಉಳಿಯುವ ಹೊಲಸನ್ನು ಯಾರು, ಹೇಗೆ ತೆಗೆಯುತ್ತಾರೆ. ಇವೆರಡಕ್ಕೂ ಉತ್ತರ ಸಿಕ್ಕ ಮೇಲೆ ಮಾತ್ರ ಗುಂಡಿ ತೋಡಲು ಜೆಸಿಬಿ ಕರೆಸಿ.

ಮೊದಲು ಯಾವ ಕಚೇರಿ

ಪ್ಲಾಟು ಊರೊಳಗಿದ್ದರೆ ಎಲ್ಲಕ್ಕಿಂತ ಮುಂಚೆ ಬೀದಿಯಲ್ಲಿ ಒಳಚರಂಡಿ ಕೊಳವೆ ಇದೆಯೋ ಇಲ್ಲವೋ ನೋಡಿ. ಮ್ಯಾನ್‌ಹೋಲ್ ಮುಚ್ಚಳ ಕಂಡ ಮಾತ್ರಕ್ಕೆ ನಂಬಬೇಡಿ. ಕೊಳವೆ ಹೂತಿರುತ್ತದೆ, ಮುಂದಿನ ಮುಖ್ಯ ಕೊಳವೆಗೆ ಜೋಡಣೆಯೇ ಆಗಿರುವುದಿಲ್ಲ. ರಿಂಗ್ ರಸ್ತೆಯ ಆಚೆಯ ಲೇಔಟ್‌ಗಳಲ್ಲಿ ಇದನ್ನು ನೋಡಿದ್ದೇನೆ. ಪಾಲಿಕೆಯ ವಾರ್ಡ್ ಎಂಜಿನಿಯರ್ ಹತ್ತಿರ "ಈ ಲೈನ್ ಚಾಲೂ ಇದೆಯಾ" ಅಂತ ಕೇಳಿ. ಚಾಲೂ ಇದ್ದರೆ ಯುಜಿಡಿ, ಅಂದರೆ ಒಳಚರಂಡಿ, ಜೋಡಣೆಗೆ ಅರ್ಜಿ ಕೊಟ್ಟು ಸಂಪರ್ಕ ತೆಗೆದುಕೊಳ್ಳಿ. ಸೆಪ್ಟಿಕ್ ಟ್ಯಾಂಕ್ ನಿಮಗೆ ಬೇಕಾಗಿಯೇ ಇಲ್ಲ, ಈ ಬರಹವನ್ನೂ ಇಲ್ಲಿಗೇ ಬಿಡಬಹುದು.

ಇಲ್ಲದಿದ್ದರೆ ಟ್ಯಾಂಕು ಕಟ್ಟಡ ಪರವಾನಗಿಯ ಭಾಗವಾಗುತ್ತದೆ. ಕಲಬುರಗಿ ಮಹಾನಗರ ಪಾಲಿಕೆ ವ್ಯಾಪ್ತಿಯಲ್ಲಿ 1976ರ ಕರ್ನಾಟಕ ಮಹಾನಗರ ಪಾಲಿಕೆಗಳ ಕಾಯ್ದೆ, ಯಾದಗಿರಿ, ಶಹಾಪುರ, ಸೇಡಂನಂಥ ನಗರಸಭೆ, ಪುರಸಭೆಗಳಲ್ಲಿ 1964ರ ಪುರಸಭೆಗಳ ಕಾಯ್ದೆ. ಹಳ್ಳಿಯಾದರೆ 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು, ಪಿಡಿಒ ಹತ್ತಿರ ಅರ್ಜಿ. "ಹಳ್ಳಿ ಮನಿಗೆ ಎಂಥಾ ಪರ್ಮಿಶನ್" ಅನ್ನುವವರು ಬಹಳ. ನಾಳೆ ಬ್ಯಾಂಕ್ ಸಾಲಕ್ಕೆ ಹೋದಾಗ, ಪಕ್ಕದ ಮನೆಯವರು ಬಾವಿ ಕೆಟ್ಟಿತು ಅಂತ ತಕರಾರು ತೆಗೆದಾಗ, ಆ ಹಾಳೆಯ ಬೆಲೆ ಗೊತ್ತಾಗುತ್ತದೆ.

ನಕ್ಷೆಯಲ್ಲಿ ಟ್ಯಾಂಕಿನ ಜಾಗದಲ್ಲಿ ಒಂದು ಚಿಕ್ಕ ಚೌಕ ಬರೆದು 'ಎಸ್.ಟಿ.' ಅಂತ ಗೀಚಿ ಬಿಡುವುದು ರೂಢಿ. ಅಷ್ಟಕ್ಕೆ ಒಪ್ಪಬೇಡಿ. ಟ್ಯಾಂಕು, ಅದರಿಂದ ಹೊರಬರುವ ನೀರನ್ನು ಮಣ್ಣಿಗೆ ಇಳಿಸುವ ಇಂಗು ಗುಂಡಿ, ನಿಮ್ಮ ಬೋರು, ಅಕ್ಕಪಕ್ಕದವರ ಬೋರು ಅಥವಾ ಬಾವಿ, ಮನೆಯ ಗೋಡೆ, ಇವುಗಳ ನಡುವಿನ ಅಂತರವನ್ನು ಅಂಕಿಯಲ್ಲಿ ಬರೆಸಿ. ಟ್ಯಾಂಕಿನ ಅಡ್ಡಕೊಯ್ತವನ್ನೂ ಬರೆಸಿ. ಕಚೇರಿಯಲ್ಲಿ ಕೇಳುತ್ತಾರೋ ಬಿಡುತ್ತಾರೋ, ಮೇಸ್ತ್ರಿ ಕೈಗೆ ಹೋಗುವುದು ಅದೇ ಹಾಳೆ.

ಮಣ್ಣನ್ನು ಕೇಳುವ ರೀತಿ

ಸೆಪ್ಟಿಕ್ ಟ್ಯಾಂಕ್ ನೀರನ್ನು ಶುದ್ಧ ಮಾಡುವುದಿಲ್ಲ. ಗಟ್ಟಿ ಹೊಲಸು ಕೆಳಗೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಗಾಳಿಯಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಕೂತದ್ದನ್ನು ನಿಧಾನಕ್ಕೆ ತಿನ್ನುತ್ತವೆ. ನಡುವಿನ ನೀರು ಹೊರಗೆ ಹೋಗುತ್ತದೆ. ಕಣ್ಣಿಗೆ ತಿಳಿಯಾಗಿದ್ದರೂ ಅದರಲ್ಲಿ ಕಾಲರಾದಿಂದ ಹಿಡಿದು ಕಾಮಾಲೆ ತನಕ ಎಲ್ಲ ರೋಗದ ಬೀಜ ಇರಬಹುದು. ಉಳಿದ ಕೆಲಸ ಮಾಡಬೇಕಾದ್ದು ಮಣ್ಣು. ಅದಕ್ಕೇ ಭಾರತೀಯ ಮಾನಕ ಐಎಸ್ 2470 ಎರಡು ಭಾಗದಲ್ಲಿದೆ: ಮೊದಲನೆಯದು ಟ್ಯಾಂಕಿಗೆ, ಎರಡನೆಯದು ಪೂರ್ತಿಯಾಗಿ ಹೊರಹೋಗುವ ನೀರಿಗೆ. ಎರಡನೇ ಭಾಗವನ್ನು ಬಿಡಿಸಿ ನೋಡುವವರು ಕಡಿಮೆ.

ಮಣ್ಣು ಎಷ್ಟು ನೀರು ಕುಡಿಯುತ್ತದೆ ಅಂತ ತಿಳಿಯಲು ಲ್ಯಾಬ್ ಬೇಡ. ಒಂದು ಸಂಜೆ, ಒಂದು ಮುಂಜಾನೆ, ಒಂದು ಸ್ಕೇಲು ಸಾಕು. ಇಂಗು ಗುಂಡಿ ಎಷ್ಟು ಆಳಕ್ಕೆ ಬರುತ್ತದೋ ಅಷ್ಟು ಆಳಕ್ಕೆ ಒಂದು ಗೇಣಿನಿಂದ ಒಂದಡಿ ಅಗಲದ ತೂತು ತೋಡಿ. ಸಲಿಕೆ ತಾಗಿ ನುಣ್ಣಗಾದ ಗೋಡೆಯನ್ನು ಚಾಕುವಿನಿಂದ ಕೆರೆದು ಒರಟು ಮಾಡಿ, ಉದುರಿದ ಮಣ್ಣು ತೆಗೆದು, ತಳಕ್ಕೆ ಎರಡು ಇಂಚು ಉಸುಕು ಇಲ್ಲವೇ ಸಣ್ಣ ಕಡಿ ಹಾಕಿ. ಅದರ ಮೇಲೆ ಒಂದಡಿ ನೀರು ನಿಲ್ಲುವಂತೆ ತುಂಬಿ ರಾತ್ರಿಯೆಲ್ಲ ಬಿಡಿ. ಒಣ ಮಣ್ಣು ಮೊದಲ ನೀರನ್ನು ಗಟಗಟ ಕುಡಿದು ಮೋಸ ಮಾಡುತ್ತದೆ, ನೆನೆದ ಮೇಲೆ ಕೊಡುವ ಲೆಕ್ಕವೇ ಖರೆ. ಮರುದಿನ ನೀರನ್ನು ಕಡಿಯ ಮೇಲೆ ಆರು ಇಂಚಿಗೆ ತಂದು, ಅರ್ಧ ಗಂಟೆಯಲ್ಲಿ ಎಷ್ಟು ಇಳಿಯಿತು ಅಂತ ಅಳೆಯಿರಿ. ಮತ್ತೆ ಆರು ಇಂಚಿಗೆ ತುಂಬಿ ಮತ್ತೆ ಅಳೆಯಿರಿ. ಇಳಿತ ಒಂದೇ ಸಮ ಆಗುವ ತನಕ ಹೀಗೇ ಮಾಡಿ, ಕೊನೆಯ ಅರ್ಧ ಗಂಟೆಯ ಲೆಕ್ಕ ಹಿಡಿಯಿರಿ.

ಕೊನೆಯ ಅರ್ಧ ಗಂಟೆಯಲ್ಲಿ ಒಂದು ಇಂಚು ಅಥವಾ ಹೆಚ್ಚು ಇಳಿದರೆ ಇಂಗು ಗುಂಡಿ ನಡೆಯುತ್ತದೆ. ಅರ್ಧ ಇಂಚಿನಿಂದ ಒಂದು ಇಂಚಿನ ನಡುವೆ ಇದ್ದರೆ ಗುಂಡಿ ಸಾಲದು, ಕಡಿ ತುಂಬಿದ ಉದ್ದನೆಯ ತೆಳು ಕಾಲುವೆಗಳಲ್ಲಿ ನೀರನ್ನು ಹರಡಬೇಕು. ಅರ್ಧ ಇಂಚೂ ಇಳಿಯದಿದ್ದರೆ ಆ ಮಣ್ಣು ನಿಮ್ಮ ನೀರು ತಗೊಳ್ಳುವುದಿಲ್ಲ, ಬೇರೆ ದಾರಿ ಹುಡುಕಬೇಕು.

ಈಗ ನಮ್ಮ ಮೂರು ಜಿಲ್ಲೆಯ ನೆಲ ನೋಡಿ. ಕಲಬುರಗಿಯ ಸುತ್ತ, ಜೇವರ್ಗಿ, ಅಫಜಲಪುರ ಕಡೆ ತೊಗರಿ ಬೆಳೆಯುವ ಎರಿ ಭೂಮಿ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದ ಕೂಡಲೇ ಉಬ್ಬಿ ಬಿಗಿದುಕೊಳ್ಳುತ್ತದೆ. ಏಪ್ರಿಲ್‌ನಲ್ಲಿ ಪರೀಕ್ಷೆ ಮಾಡಿದರೆ ಬಿರುಕಿನಲ್ಲಿ ನೀರು ಮಾಯವಾಗಿ "ಭಾರಿ ಹೀರ್ತದ" ಅನಿಸುತ್ತದೆ. ಆಗಸ್ಟ್‌ನಲ್ಲಿ ಅದೇ ಜಾಗದ ಗುಂಡಿ ತುಂಬಿ, ಸಂಡಾಸಿನ ಬೇಸಿನ್ನಿನಲ್ಲಿ ನೀರು ಗುಳುಗುಳು ಅನ್ನುತ್ತ ಇಳಿಯದೆ ನಿಲ್ಲುತ್ತದೆ. ಎರಿ ಮಣ್ಣಿನಲ್ಲಿ ಪರೀಕ್ಷೆಯನ್ನು ಮಳೆಗಾಲದಲ್ಲೇ ಮಾಡಿ. ಕಾಯಲು ಆಗದಿದ್ದರೆ ಒಂದು ರಾತ್ರಿಯ ಬದಲು ಎರಡು ಮೂರು ದಿನ ನೆನೆಸಿ.

ಬೀದರಿನಲ್ಲಿ ತಿರುವುಮುರುವು. ಅಲ್ಲಿ ಕೆಂಪು ಜಂಬಿಟ್ಟಿಗೆ, ತೂತುತೂತಿನ ಕಲ್ಲು. ಪರೀಕ್ಷೆಯಲ್ಲಿ ನೀರು ಸರಾಗ ಇಳಿಯುತ್ತದೆ. ಆದರೆ ಇಂಗುವುದು ಬೇರೆ, ಸೋಸುವುದು ಬೇರೆ. ಬಹಮನಿ ಕಾಲದಲ್ಲಿ ನೌಬಾದಿನಲ್ಲಿ ನೆಲದೊಳಗೆ ಕರೇಜ್ ಎಂಬ ಸುರಂಗ ಕಾಲುವೆ ಕೊರೆದು ಊರಿಗೆ ನೀರು ಹರಿಸಿದ್ದೇ ಈ ಕಲ್ಲಿನ ಸಂದುಗಳಲ್ಲಿ ನೀರು ಓಡಾಡುತ್ತದೆ ಎಂಬ ಭರವಸೆಯ ಮೇಲೆ. ಐನೂರು ವರ್ಷದ ಹಿಂದೆ ಒಳ್ಳೆಯ ನೀರು ಓಡಾಡಿದ ಸಂದಿನಲ್ಲೇ ಈಗ ನಮ್ಮ ಸಂಡಾಸಿನ ನೀರೂ ಓಡಾಡುತ್ತದೆ. ಶಹಾಬಾದ್, ಚಿತ್ತಾಪುರ, ಸೇಡಂ ಕಡೆಯ ಸುಣ್ಣಕಲ್ಲಿಗೂ ಇದೇ ಮಾತು: ಪದರದ ನಡುವಿನ ಸೀಳಿನಲ್ಲಿ ನೀರು ಸೋಸದೆ ಹೋಗಿ ಯಾವ ಬಾವಿಯಲ್ಲಿ ಏಳುತ್ತದೋ ಹೇಳಲು ಬರುವುದಿಲ್ಲ. ಗುಂಡಿ ತೋಡುವಾಗ ಕಲ್ಲು ಸಿಕ್ಕರೆ ಅದನ್ನು ಒಡೆದು ಆಳಕ್ಕೆ ಹೋಗಬೇಡಿ. ಮೇಲಿನ ಮಣ್ಣಿನಲ್ಲೇ ಆಳವಿಲ್ಲದ ಕಾಲುವೆ ಮಾಡಿ ಹರಡುವುದು ಕ್ಷೇಮ. ಯಾದಗಿರಿ ಜಿಲ್ಲೆಯಲ್ಲಿ ಭೀಮಾ, ಕೃಷ್ಣಾ ದಂಡೆಯ, ಕಾಲುವೆ ನೀರು ಹರಿಯುವ ಊರುಗಳಲ್ಲಿ ಬೇರೆ ತೊಡಕು: ಮಳೆಗಾಲದಲ್ಲಿ ಅಂತರ್ಜಲ ಮೇಲಕ್ಕೆ ಬರುತ್ತದೆ. ನೆಲಮಟ್ಟದಿಂದ ಆರು ಅಡಿಯೊಳಗೆ ನೀರು ಸಿಗುವ ಜಾಗದಲ್ಲಿ ಇಂಗು ಗುಂಡಿ ಅಂದರೆ ನೇರವಾಗಿ ಬಾವಿಗೇ ಬಿಟ್ಟಂತೆ.

ಅರವತ್ತು ಅಡಿಯ ಟೇಪು

ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುವುದು: ನೀರು ಇಂಗಿಸುವ ಜಾಗ ಕುಡಿಯುವ ನೀರಿನ ಮೂಲದಿಂದ ಕನಿಷ್ಠ 18 ಮೀಟರ್, ವಾಸದ ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಬೇಕು. ನಮ್ಮ ಭಾಷೆಯಲ್ಲಿ ಸುಮಾರು 60 ಅಡಿ, 20 ಅಡಿ.

30×40 ಪ್ಲಾಟಿನವರು ಇದನ್ನು ಓದಿ ನಗುತ್ತಾರೆ, ನಗಬೇಕಾದ್ದೇ. ಮೂಲೆಯಿಂದ ಮೂಲೆಗೆ ಅಳೆದರೂ 50 ಅಡಿ. ನಿಮ್ಮದೇ ಪ್ಲಾಟಿನಲ್ಲಿ ಬೋರೂ ಇಂಗು ಗುಂಡಿಯೂ ನಿಯಮದ ಪ್ರಕಾರ ಕೂರುವುದಿಲ್ಲ, ಲೆಕ್ಕವೇ ಹಾಗಿದೆ. ಆದರೂ ಲೇಔಟ್‌ಗಳಲ್ಲಿ ಪ್ರತಿ ಮನೆಗೂ ಒಂದು ಬೋರು, ಒಂದು ಗುಂಡಿ. ನಿಮ್ಮ ಬೋರಿನಿಂದ ನಿಮ್ಮ ಗುಂಡಿ 35 ಅಡಿ ದೂರ ಇಟ್ಟು ಸಮಾಧಾನಪಟ್ಟುಕೊಳ್ಳುತ್ತೀರಿ. ಹಿಂದಿನ ಮನೆಯವರ ಬೋರು ನಿಮ್ಮ ಗುಂಡಿಯಿಂದ ಹತ್ತೇ ಅಡಿ, ಗೋಡೆಯ ಆ ಕಡೆ. ಅವರ ಗುಂಡಿ ಮತ್ತೊಬ್ಬರ ಬೋರಿನ ಬುಡಕ್ಕೆ. ನಾನು ಪ್ಲಾಟಿಗೆ ಹೋದರೆ ಮೊದಲು ಟೇಪಿನ ಒಂದು ತುದಿಯನ್ನು ಗುಂಡಿಯ ಜಾಗದಲ್ಲಿ ಹಿಡಿಸಿ, ಇನ್ನೊಂದು ತುದಿ ಹಿಡಿದು ಸುತ್ತಲಿನ ಮನೆಗಳಿಗೆ ಹೋಗಿ ಬೋರು ಎಲ್ಲಿ ಅಂತ ಕೇಳುತ್ತೇನೆ. ಕೆಲವರು ಚಹಾ ಕೊಡುತ್ತಾರೆ, ಕೆಲವರು ಜಗಳಕ್ಕೆ ಬರುತ್ತಾರೆ. ಎರಡೂ ಕಡೆ ಬೋರಿನ ಜಾಗ ಗೊತ್ತಾಗುತ್ತದೆ.

ಅಂತರ ಸಿಗದ ಪ್ಲಾಟಿನಲ್ಲಿ ಏನು ಮಾಡಬೇಕು? ಆಯ್ಕೆಗಳಿಗೆ ನನ್ನ ಕ್ರಮ ಹೀಗಿದೆ. ನಳದ ನೀರು ಬರುವ ಕಡೆ ಬೋರನ್ನೇ ಬಿಡಿ. ಬೋರು ಬೇಕೇ ಬೇಕಾದರೆ ರಸ್ತೆ ಬದಿಗೆ, ಇಳಿಜಾರಿನ ಮೇಲ್ಭಾಗಕ್ಕೆ ಹಾಕಿ, ಕೇಸಿಂಗ್ ಪೈಪನ್ನು ಗಟ್ಟಿ ಕಲ್ಲಿನ ತನಕ ಇಳಿಸಿ, ಪೈಪಿನ ಸುತ್ತಲಿನ ಸಂದಿಗೆ ಸಿಮೆಂಟ್ ಹಾಲು ತುಂಬಿಸಿ. ಬೋರಿನವರು ಕೇಸಿಂಗ್ ಉಳಿಸಲು ನೋಡುತ್ತಾರೆ, ಎದುರಿಗೇ ನಿಲ್ಲಿ. ಆ ನೀರನ್ನು ಬಳಸಲು ಇಟ್ಟು ಕುಡಿಯಲು ಬೇರೆ ನೋಡಿ. ಇನ್ನು ಗುಂಡಿಯ ಕಡೆ, ನೆಲಕ್ಕೆ ಇಂಗಿಸುವ ಬದಲು ಟ್ಯಾಂಕಿನ ಪಕ್ಕ ಇನ್ನೊಂದು ನೀರು ಸೋರದ ಕೋಣೆ ಕಟ್ಟಿ ಕಡಿ ತುಂಬಿ, ನೀರು ಕೆಳಗಿನಿಂದ ಮೇಲಕ್ಕೆ ಹಾದು ಹೋಗುವಂತೆ ಮಾಡಬಹುದು. ಮೇಲ್ಮುಖ ಸೋಸು ಅನ್ನುತ್ತಾರೆ, ಮಣ್ಣು ನೀರು ತಗೊಳ್ಳದ ಕಡೆ ಮಾನಕವೇ ಸೂಚಿಸುವ ದಾರಿ. ಎರಿ ಮಣ್ಣಿನ ಪ್ಲಾಟುಗಳಿಗೆ ನಾನು ಬರೆಸುವುದು ಇದನ್ನೇ. ಅದರಿಂದ ಹೊರಬಂದ ನೀರನ್ನು ಕಾಬಾಳೆ ಹಚ್ಚಿದ ಕಡಿಯ ಪಾತಿಗೆ ಬಿಟ್ಟರೆ ನಮ್ಮ ಬಿಸಿಲಿಗೆ ಬಹಳಷ್ಟು ಆರಿಹೋಗುತ್ತದೆ. ಉಳಿದದ್ದನ್ನು ಚರಂಡಿಗೆ ಬಿಡಬೇಕೆಂದರೆ ಪಾಲಿಕೆ ಅಥವಾ ಪಂಚಾಯಿತಿಯ ಒಪ್ಪಿಗೆಯನ್ನು ಬರಹದಲ್ಲಿ ತಗೊಳ್ಳಿ.

ಸಂಡಾಸಿನ ಪೈಪನ್ನು ನೇರವಾಗಿ ತೆರೆದ ಗಟಾರಕ್ಕೆ ಬಿಡುವುದು ಮಾತ್ರ ಯಾವ ಲೆಕ್ಕದಲ್ಲೂ ನಡೆಯುವುದಿಲ್ಲ. ಮಲವನ್ನು ಕೊಳೆಯುವ ಮುಂಚೆಯೇ ತೆರೆದ ಚರಂಡಿಗೆ ಬಿಟ್ಟು ಮತ್ತೊಬ್ಬರು ಕೈಯಿಂದ ತೆಗೆಯಬೇಕಾದ ಸಂಡಾಸನ್ನು 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ನೈರ್ಮಲ್ಯವಿಲ್ಲದ ಶೌಚಾಲಯ ಎಂದು ಎಣಿಸುತ್ತದೆ. ಮೊದಲ ತಪ್ಪಿಗೆ ಒಂದು ವರ್ಷದ ತನಕ ಜೈಲು, 50,000 ರೂಪಾಯಿ ತನಕ ದಂಡ, ಅಥವಾ ಎರಡೂ. ಇಡೀ ಓಣಿಯವರೇ ಹಾಗೆ ಬಿಟ್ಟಿದ್ದಾರೆ ಎಂಬುದು ಉತ್ತರವಲ್ಲ.

ನೀರು ಕೆಟ್ಟಿದೆಯೋ ಇಲ್ಲವೋ ತಿಳಿಯಲು ಸುಲಭ ದಾರಿ ಇದೆ. ಎಚ್2ಎಸ್ ಬಾಟಲಿ ಅಂತ ಸಿಗುತ್ತದೆ. ಗೆರೆಯ ತನಕ ನೀರು ತುಂಬಿ ಒಂದೆರಡು ದಿನ ಬೆಚ್ಚಗಿನ ಜಾಗದಲ್ಲಿಟ್ಟರೆ, ಮಲದ ಸೋಂಕು ಇದ್ದಾಗ ನೀರು ಕಪ್ಪಾಗುತ್ತದೆ. ಪಂಚಾಯಿತಿಯ ನೀರು ಪರೀಕ್ಷೆ ಕಿಟ್‌ನಲ್ಲೂ ಇದನ್ನು ನೋಡಿದ್ದೇನೆ. ಮಳೆಗಾಲ ಶುರುವಾದ ಮೇಲೆ ಒಮ್ಮೆ ಮಾಡಿ.

ಟ್ಯಾಂಕಿನ ಅಳತೆ

ಇಲ್ಲಿ ಜನ ಬೇಕಾದ್ದಕ್ಕಿಂತ ದೊಡ್ಡದು ಮಾಡಿಸುತ್ತಾರೆ, ಅಗತ್ಯವಿದ್ದದ್ದನ್ನು ಬಿಡುತ್ತಾರೆ. ಐದು ಜನರ ಮನೆಗೆ ಒಳ ಅಳತೆ 1.5 ಮೀಟರ್ ಉದ್ದ, 0.75 ಮೀಟರ್ ಅಗಲ, ನೀರಿನ ಆಳ 1 ಮೀಟರ್ ಸಾಕು. ಅಂದರೆ 5 ಅಡಿ, ಎರಡೂವರೆ ಅಡಿ, ಮೂರಡಿ ನಾಲ್ಕಿಂಚು, ನೀರಿನ ಮೇಲೆ ಒಂದಡಿ ಖಾಲಿ ಜಾಗ. ಹತ್ತು ಜನರ ಕೂಡು ಕುಟುಂಬಕ್ಕೆ 2 ಮೀಟರ್ ಉದ್ದ, 0.9 ಅಗಲ. ಆಳ 1 ಮೀಟರ್ ಇಟ್ಟರೆ ಎರಡು ವರ್ಷಕ್ಕೊಮ್ಮೆ, 1.4 ಇಟ್ಟರೆ ಮೂರು ವರ್ಷಕ್ಕೊಮ್ಮೆ ತೆಗೆಸುವ ಲೆಕ್ಕ. ಉದ್ದ ಯಾವಾಗಲೂ ಅಗಲದ ಎರಡರಿಂದ ನಾಲ್ಕು ಪಟ್ಟು ಇರಬೇಕು. ನೀರು ನಿಧಾನಕ್ಕೆ ಉದ್ದ ಹಾದು ಹೋದರೆ ತಾನೆ ಹೊಲಸು ಕೂರುವುದು? ಆಳದ ದುಂಡು ಬಾವಿಯಲ್ಲಿ ಒಳಗೆ ಬಿದ್ದದ್ದು ಕಲಕಿಕೊಂಡೇ ಹೊರಗೆ ಹೋಗುತ್ತದೆ. 2000 ಲೀಟರಿಗಿಂತ ದೊಡ್ಡದಾದರೆ ನಡುವೆ ಅಡ್ಡಗೋಡೆ ಹಾಕಿ ಎರಡು ಕೋಣೆ ಮಾಡಿ, ಒಳಬರುವ ಕಡೆಯದಕ್ಕೆ ಮೂರರಲ್ಲಿ ಎರಡು ಪಾಲು.

ಹೊರಹೋಗುವ ಪೈಪು ಒಳಬರುವ ಪೈಪಿಗಿಂತ ಎರಡು ಇಂಚು ಕೆಳಗಿರಲಿ. ಎರಡೂ ಬಾಯಿಗೆ 'ಟಿ' ಆಕಾರದ ಪೈಪಿನ ತುಂಡು ಕೂರಿಸಿ ಅದರ ಕಾಲನ್ನು ನೀರಿನೊಳಗೆ ಇಳಿಸಿ. ಈ ಟಿ ನೂರಿನ್ನೂರು ರೂಪಾಯಿ ಸಾಮಾನು, ಪ್ಲಂಬರ್ ಅದನ್ನೇ ಮರೆಯುತ್ತಾನೆ. ಅದಿಲ್ಲದಿದ್ದರೆ ಮೇಲೆ ತೇಲುವ ಜಿಡ್ಡು ನೇರ ಇಂಗು ಗುಂಡಿಗೆ ಹೋಗಿ ಮಣ್ಣಿನ ಬಾಯಿ ಮುಚ್ಚುತ್ತದೆ. ಗಾಳಿ ಪೈಪು ಕನಿಷ್ಠ ಎರಡು ಇಂಚಿನದು. ಟ್ಯಾಂಕು ಮನೆಯಿಂದ 15 ಮೀಟರಿನೊಳಗೆ ಇದ್ದರೆ, ಪ್ಲಾಟುಗಳಲ್ಲಿ ಇದ್ದೇ ಇರುತ್ತದೆ, ಪೈಪು ಮಾಳಿಗೆಯ ಮೇಲೆ ಆರು ಅಡಿ ಎದ್ದಿರಬೇಕು, ತುದಿಗೆ ಸೊಳ್ಳೆ ಜಾಲರಿ ಕಟ್ಟಿ. ಗೋಡೆಯ ಅರ್ಧಕ್ಕೆ ನಿಲ್ಲಿಸಿದ ಪೈಪು ಬೇಸಿಗೆ ರಾತ್ರಿ ಮಾಳಿಗೆ ಮೇಲೆ ಮಲಗಿದವರಿಗೆ ಮಾಡುವ ಉಪಕಾರ ಹೇಳಬೇಕಾಗಿಲ್ಲ.

ಎರಿ ಮಣ್ಣಿನಲ್ಲಿ ಟ್ಯಾಂಕಿನ ಗೋಡೆಗೂ ಮಣ್ಣಿಗೂ ನಡುವೆ ಒಂದಡಿ ಮುರುಮು ತುಂಬಿ. ಮಳೆಗೆ ಉಬ್ಬುವ ಮಣ್ಣು ಇಟ್ಟಂಗಿ ಗೋಡೆಯನ್ನು ಒಳಕ್ಕೆ ತಳ್ಳುತ್ತದೆ, ಬಿರುಕು ಅಲ್ಲಿಂದಲೇ ಶುರು. ತಳಕ್ಕೆ ಕಾಂಕ್ರೀಟ್, ಒಳಗೂ ಹೊರಗೂ ಗಿಲಾವ್. ಒಣಗಿ ನೀರುಣಿಸುವುದು ಮುಗಿದ ಮೇಲೆ ಟ್ಯಾಂಕು ತುಂಬಿ, ನೀರಿನ ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು ಒಂದು ದಿನ ಬಿಡಿ. ಗೆರೆ ಬಿಟ್ಟು ಇಳಿದಿದ್ದರೆ ಮೇಸ್ತ್ರಿಯ ಕೊನೆಯ ಕಂತು ಕೊಡಬೇಡಿ. ಮುಚ್ಚುವ ಮುಂಚೆ ಟಿ, ಅಡ್ಡಗೋಡೆ, ತಳ ಕಾಣುವಂತೆ ಫೋಟೋ ಹೊಡೆದಿಟ್ಟುಕೊಳ್ಳಿ.

ಮೇಲೆ ಪರ್ಸಿ ಹಾಕುವ ಬಗ್ಗೆ ನನ್ನ ತಕರಾರು ಇದೆ. ನಮ್ಮ ಶಹಾಬಾದ್ ಕಲ್ಲು ನೆಲಕ್ಕೆ, ಕಪಾಟಿಗೆ ಚಂದ. ಗುಂಡಿಯ ಮೇಲೆ ಅಡ್ಡ ಹಾಕಿದಾಗ ಒಂದು ದಿನ ಸದ್ದಿಲ್ಲದೆ ಮುರಿಯುತ್ತದೆ, ಮೇಲೆ ಯಾವ ಕೂಸು ಆಡುತ್ತಿತ್ತೋ ಯಾವ ಎಮ್ಮೆ ನಿಂತಿತ್ತೋ. ಸರಳು ಹಾಕಿದ ಕಾಂಕ್ರೀಟ್ ಸ್ಲ್ಯಾಬ್ ಮಾಡಿಸಿ, ಎರಡೂ ತುದಿಗೆ ಎತ್ತಬಹುದಾದ ಮುಚ್ಚಳ ಇಡಿಸಿ. ಆ ಮುಚ್ಚಳದ ಮೇಲೆ ಟೈಲ್ಸ್ ಹಚ್ಚಬೇಡಿ. ಪಾರ್ಕಿಂಗ್ ಕೆಳಗೆ ಟ್ಯಾಂಕು ಮಾಡಿ ಚೊಕ್ಕ ಟೈಲ್ಸ್ ಹಚ್ಚಿಸಿದವರು ಮೂರು ವರ್ಷಕ್ಕೆ ಟ್ಯಾಂಕು ಎಲ್ಲಿದೆ ಅಂತ ಸುತ್ತಿಗೆ ಹಿಡಿದು ಬಡಿದು ಹುಡುಕುತ್ತಾರೆ.

ಬಚ್ಚಲ ನೀರು, ಮಾಳಿಗೆಯ ಮಳೆ ನೀರು ಟ್ಯಾಂಕಿಗೆ ಬೇಡ, ಅವಕ್ಕೆ ಬೇರೆ ದಾರಿ. ಹಳ್ಳಿಗಳಲ್ಲಿ ಉದ್ಯೋಗ ಖಾತ್ರಿಯಲ್ಲಿ ಬಚ್ಚಲು ಗುಂಡಿ ಮಾಡಿಸಿಕೊಂಡವರು ಬಹಳ ಮಂದಿ, ಅದು ಸರಿಯಾದ ಜಾಗ. ಆ್ಯಸಿಡ್, ಫಿನಾಯಿಲ್ ದಿನಾ ಸುರಿದರೆ ಒಳಗಿನ ಜೀವಿಗಳು ಸತ್ತು ಟ್ಯಾಂಕು ಬರೀ ತೊಟ್ಟಿಯಾಗುತ್ತದೆ. ಪ್ಯಾಡು, ಡೈಪರು, ಗುಟ್ಕಾ ಚೀಟಿ ಹಾಕಬೇಡಿ ಅಂತ ಬರೆಯುವುದೂ ಬೇಸರ, ಆದರೆ ತೆಗೆಯುವಾಗ ಸಿಗುವುದು ಅವೇ.

ಹಳ್ಳಿ ಮನೆಗೆ ಜೋಡಿ ಗುಂಡಿ

ಟ್ಯಾಂಕಿನ ಹೊಲಸನ್ನು ಪೈಪಿನಿಂದ ಹೀರುವ ಸಕ್ಕಿಂಗ್ ಗಾಡಿ ಬರಲಾರದ ಓಣಿ, ನಾಲ್ಕೈದು ಜನರ ಮನೆ, ಬಾಲ್ಡಿಯಲ್ಲಿ ನೀರು ಹಾಕುವ ಸಂಡಾಸು ಆದರೆ ಸೆಪ್ಟಿಕ್ ಟ್ಯಾಂಕಿನ ಗೊಡವೆಯೇ ಬೇಡ, ಜೋಡಿ ಗುಂಡಿ ಮಾಡಿಸಿ. ಸ್ವಚ್ಛ ಭಾರತ ಮಿಷನ್ನಿನಲ್ಲಿ ಅರ್ಹ ಮನೆಗಳಿಗೆ ಕೊಡುವ 12,000 ರೂಪಾಯಿ ಪ್ರೋತ್ಸಾಹಧನದ ಹಿಂದೆ ಇರುವ ಮಾದರಿ ಮುಖ್ಯವಾಗಿ ಇದೇ. ಎರಡು ಗುಂಡಿ, ನಡುವೆ 'ವೈ' ಆಕಾರದ ಚೇಂಬರು. ಒಂದರ ಬಾಯಿ ಮುಚ್ಚಿ ಇನ್ನೊಂದನ್ನು ಬಳಸಬೇಕು. ಅದು ತುಂಬಿದಾಗ ಬದಲಿಸಿ, ತುಂಬಿದ್ದನ್ನು ಒಂದೂವರೆ ಎರಡು ವರ್ಷ ಮುಟ್ಟದೆ ಬಿಟ್ಟರೆ ಒಳಗಿನದು ಮಣ್ಣಿನಂಥ ಗೊಬ್ಬರ. ಎರಡೂ ಗುಂಡಿಗೆ ಒಟ್ಟಿಗೇ ನೀರು ಬಿಟ್ಟವರ ಮನೆಯಲ್ಲಿ ಎರಡೂ ಒಟ್ಟಿಗೇ ತುಂಬುತ್ತವೆ. ಎರಿ ಮಣ್ಣಿನಲ್ಲಿ ಗುಂಡಿಯ ಗೋಡೆಯ ಸುತ್ತ ಒಂದಡಿ ಉಸುಕು, ಕಡಿ ತುಂಬಿಸಬೇಕು, ಇಲ್ಲವಾದರೆ ಇಂಗುವುದಿಲ್ಲ. ಈ ಗುಂಡಿಗಳಿಗೆ ಗಾಳಿ ಪೈಪು ಬೇಕಿಲ್ಲ, ಅನಿಲವನ್ನು ಮಣ್ಣೇ ಹೀರಿಕೊಳ್ಳುತ್ತದೆ.

ತೆಗೆಸುವಾಗ

ಮುಚ್ಚಳ ತೆಗೆದು ಉದ್ದ ಕೋಲಿಗೆ ಬಿಳಿ ಬಟ್ಟೆ ಸುತ್ತಿ ತಳದ ತನಕ ಇಳಿಸಿ, ಸ್ವಲ್ಪ ಹೊತ್ತು ಬಿಟ್ಟು ಎತ್ತಿ. ಕರಿ ಕೆಸರು ಎಷ್ಟು ಎತ್ತರಕ್ಕೆ ಹತ್ತಿದೆ ಅಂತ ಕಾಣುತ್ತದೆ. ಕೆಸರೂ ಮೇಲಿನ ಜಿಡ್ಡೂ ಸೇರಿ ನೀರಿನ ಆಳದ ಅರ್ಧ ಆದರೆ ತೆಗೆಸುವ ಹೊತ್ತು. ಸಾಮಾನ್ಯಕ್ಕೆ ಎರಡು ಮೂರು ವರ್ಷ. "ಇಪ್ಪತ್ತು ವರ್ಷ ಮುಟ್ಟಿಲ್ಲ" ಅಂತ ಹೆಮ್ಮೆಪಡುವ ಮನೆಯ ಗುಂಡಿ ಎಲ್ಲಿಗೋ ಸೋರುತ್ತಿದೆ ಅಂತಲೇ ಅರ್ಥ. ಮುಚ್ಚಳ ತೆಗೆದಾಗ ಬೀಡಿ, ಬೆಂಕಿಕಡ್ಡಿ ಹತ್ತಿರ ಬರಬಾರದು, ಒಳಗೆ ಮೀಥೇನ್ ಇರುತ್ತದೆ. ಬಗ್ಗಿ ಇಣುಕಬೇಡಿ.

ಇಲ್ಲಿ ಕಾನೂನು ಬಹಳ ಸ್ಪಷ್ಟ. 2013ರ ಕಾಯ್ದೆಯ 7ನೇ ಪ್ರಕರಣ, ಸೆಪ್ಟಿಕ್ ಟ್ಯಾಂಕಿನ ಅಪಾಯಕಾರಿ ಸ್ವಚ್ಛತೆಗೆ ಯಾರನ್ನೂ ನೇರವಾಗಿಯಾಗಲಿ, ಮತ್ತೊಬ್ಬರ ಮೂಲಕವಾಗಲಿ ಹಚ್ಚಬಾರದು ಅನ್ನುತ್ತದೆ. ಈ ನಿಷೇಧ ಪಾಲಿಕೆ, ಗುತ್ತಿಗೆದಾರರಿಗೆ ಮಾತ್ರ ಅಲ್ಲ, ಮನೆ ಮಾಲೀಕರಿಗೂ ಹತ್ತುತ್ತದೆ. ಮೊದಲ ಸಲಕ್ಕೆ ಎರಡು ವರ್ಷದ ತನಕ ಜೈಲು, ಎರಡು ಲಕ್ಷದ ತನಕ ದಂಡ ಅಥವಾ ಎರಡೂ, ಮತ್ತೆ ಮಾಡಿದರೆ ಐದು ವರ್ಷ, ಐದು ಲಕ್ಷದ ತನಕ. ಜಾಮೀನು ಸಿಗದ ಅಪರಾಧ. ಸತ್ತವರ ಕುಟುಂಬಕ್ಕೆ 10 ಲಕ್ಷ ಅಂತ ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿದ್ದ ಪರಿಹಾರವನ್ನು 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿದೆ. "ಗಾಡಿಗೆ ಸಾವಿರಾರು ಕೇಳ್ತಾರ, ಇವ ಐನೂರಕ್ಕ ಇಳೀತೀನಂತಾನ, ಒಂದು ಬಾಟ್ಲಿ ಕೊಟ್ರ ಸಾಕು" ಅನ್ನುವ ಮಾತನ್ನು ಈಗಲೂ ಕೇಳುತ್ತೇನೆ. ಟ್ಯಾಂಕಿನೊಳಗಿನ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯ ನಾತ ಕೊಡುತ್ತದೆ, ಹೆಚ್ಚಿದಾಗ ಮೂಗಿನ ಶಕ್ತಿಯನ್ನೇ ಕೊಲ್ಲುತ್ತದೆ. ನಾತ ಹೋಯಿತು, ಗಾಳಿ ಆಡಿತು ಅಂತ ಇಳಿದವರು ಎರಡು ಉಸಿರಿಗೆ ಬೀಳುತ್ತಾರೆ. ಅವರನ್ನು ಎತ್ತಲು ಇಳಿದವರೂ ಅಲ್ಲೇ. ಯಾರಾದರೂ ಬಿದ್ದರೆ ಇಳಿಯಬೇಡಿ, 112ಕ್ಕೆ ಫೋನ್ ಮಾಡಿ.

ಹೀಗಾಗಿ ಸಕ್ಕಿಂಗ್ ಗಾಡಿಯೇ ಬೇಕು. ಪಾಲಿಕೆ, ನಗರಸಭೆಯಲ್ಲಿ ಕೇಳಿ, 14420 ಸಹಾಯವಾಣಿ ಇದಕ್ಕೆಂದೇ ಇದೆ. ಖಾಸಗಿ ಗಾಡಿಯಾದರೆ ಸ್ಥಳೀಯ ಸಂಸ್ಥೆಯ ಅನುಮತಿ ಪತ್ರ ತೋರಿಸು ಅನ್ನಿ, ಎಲ್ಲಿ ಖಾಲಿ ಮಾಡುತ್ತೀ ಅಂತಲೂ ಕೇಳಿ. "ಊರ ಹೊರಗ ಹಳ್ಳದಾಗ" ಅಂದರೆ ಬೇರೆ ಗಾಡಿ ನೋಡಿ. ಆ ಹಳ್ಳ ಭೀಮೆಗೋ ಕಾಗಿಣಾಕ್ಕೋ ಮಾಂಜ್ರಾಕ್ಕೋ ಸೇರುತ್ತದೆ, ಅಲ್ಲಿಂದಲೇ ಎಷ್ಟೋ ಊರಿಗೆ ಕುಡಿಯುವ ನೀರು ಎತ್ತುತ್ತಾರೆ. ಕೆಲಸ ಆದ ಮೇಲೆ ದಿನಾಂಕ, ಗಾಡಿ ನಂಬರ್ ಇರುವ ರಸೀದಿ ತಗೊಳ್ಳಿ. ತಳವನ್ನು ತೊಳೆದು ಚೊಕ್ಕ ಮಾಡಿಸಬೇಡಿ, ಒಂದು ಇಂಚು ಹಳೆಯ ಕೆಸರು ಉಳಿದರೆ ಹೊಸದಾಗಿ ಕೆಲಸ ಶುರುವಾಗಲು ಅದೇ ಹೆಪ್ಪು. ಮಳೆಗಾಲದಲ್ಲಿ ತೆಗೆಸಿದರೆ ಕೂಡಲೇ ನೀರು ತುಂಬಿ. ಸುತ್ತ ನೆಂದ ನೆಲದಲ್ಲಿ ಖಾಲಿ ಟ್ಯಾಂಕು ಮೇಲಕ್ಕೆ ಎದ್ದು ಪೈಪಿನ ಜೋಡಣೆ ಮುರಿಯುತ್ತದೆ.

ಮುಂದೆ ಬೀದಿಗೆ ಯುಜಿಡಿ ಬಂದಾಗ ಟ್ಯಾಂಕಿನ ಹೊರಪೈಪನ್ನೇ ಅದಕ್ಕೆ ಜೋಡಿಸಿ ಸುಮ್ಮನಾಗುವವರು ಇದ್ದಾರೆ. ಹಾಗೆ ಮಾಡಬೇಡಿ. ಸಂಡಾಸಿನ ಪೈಪನ್ನು ಚೇಂಬರಿನ ಮೂಲಕ ನೇರ ಲೈನಿಗೆ ಕೊಡಿಸಿ, ಹಳೆಯ ಟ್ಯಾಂಕನ್ನು ಗಾಡಿಯಿಂದ ಖಾಲಿ ಮಾಡಿಸಿ ಸುಣ್ಣ ಹಾಕಿಸಿ. ತಳಕ್ಕೆ ತೂತು ಹೊಡೆಯುವುದಿದ್ದರೆ ಮೇಲೆ ನಿಂತು ಬ್ರೇಕರಿನ ಉದ್ದ ಸಲಾಕಿಯಿಂದಲೇ, ಯಾರೂ ಒಳಗೆ ಇಳಿಯದೆ. ಆಮೇಲೆ ಸ್ಲ್ಯಾಬ್ ಒಡೆದು ಮುರುಮು ಹಾಕಿ ನೀರು ಬಿಟ್ಟು ಕೂರಿಸಿ, ಮತ್ತೆ ಮುರುಮು ಹಾಕಿಸಿ. ಎರಡು ಮಳೆಗಾಲ ಕಳೆದು ನೆಲ ಕೂತ ಮೇಲೆ ಬೇಕಾದರೆ ಅದರ ಮೇಲೆ ಪರ್ಸಿ ಹಾಸಿಸಿ.